ಕಾಳವ್ವನ ಪಾಳಿಯ ಪ್ರಶ್ನೆ

ಹದಿನಾಲ್ಕನೆಯ ದಿನ ನೀಲಮ ಮಣೂಕದ ಶೆಡ್ಡಿಗೆ ಮರಳಿದಳು. ಕಾಗವಾಡದಿಂದ ಅಥಣಿ ಕಡೆ ಹೋಗುವ ರಸ್ತೆಗೆ ಹತ್ತಿಕೊಂಡೇ ಇರುವ ಉದ್ದನೆಯ ತಗಡಿನ ಶೆಡ್ಡು ಅದು. ಒಣಗಿದ ದ್ರಾಕ್ಷಿ, ಅದೇ ಮಣೂಕ, ಅಲ್ಲಿಗೆ ಕ್ರೇಟುಗಳಲ್ಲಿ ಬರುತ್ತದೆ. ಗೋಣಿತಟ್ಟು ಹಾಸಿಕೊಂಡು ಸಾಲಾಗಿ ಕುಳಿತ ಹೆಂಗಸರು ಕಡ್ಡಿ ಬೇರೆ, ಕಪ್ಪಾದದ್ದು ಬೇರೆ, ಒಳ್ಳೆಯದು ಬೇರೆ ಮಾಡುತ್ತಾರೆ.

ಮಾಲಕ ದುಂಡೇಶ ಬಾಗಿಲಲ್ಲೇ ಎದುರಾದ. “ಇನ್ನ ಎಂಟ ದಿನ ಬಿಟ್ಟ ಬಂದಿದ್ರೂ ನಡೀತಿತ್ತಲ್ರಿ, ಅಕ್ಕಾರ.”

“ಮನ್ಯಾಗ ಕುಂತ ಏನ್ ಮಾಡ್ಲಿರಿ.”

ಅವನು ಪಕ್ಕಕ್ಕೆ ಸರಿದು ನಿಂತ.

ಅವಳ ಗೋಣಿತಟ್ಟನ್ನು ಯಾರೋ ಜಾಡಿಸಿ ಹಾಸಿಟ್ಟಿದ್ದರು. ಒಂದು ಬದಿಗೆ ಕಾಳವ್ವ, ಅರವತ್ತು ದಾಟಿದವಳು, ಎಲೆ ಅಡಿಕೆಯ ಚೀಲ ಸೊಂಟದಲ್ಲಿ. ಇನ್ನೊಂದು ಬದಿಗೆ ಸೀಮಾ, ಮಿರಜದಿಂದ ಮದುವೆಯಾಗಿ ಬಂದವಳು, ಸಿಟ್ಟು ಬಂದರೆ ಮರಾಠಿ, ನಗು ಬಂದರೆ ಕನ್ನಡ. ಇಬ್ಬರೂ ಅವಳ ಮುಖ ನೋಡಿದರು, ಆಮೇಲೆ ತಮ್ಮ ಕ್ರೇಟು ನೋಡಿದರು. ನೀಲಮ ಕುಳಿತಳು. ಬೆರಳುಗಳು ತಾವಾಗಿಯೇ ಕೆಲಸ ಶುರು ಮಾಡಿದವು. ಕಡ್ಡಿ, ಕಡ್ಡಿ, ಕಪ್ಪು, ಕಡ್ಡಿ. ಒಂದು ಕಾಳು ಬಾಯಿಗೆ ಹಾಕಿಕೊಂಡಳು. ಸಿಹಿ ಅನ್ನಿಸಲಿಲ್ಲ, ಹುಳಿಯೂ ಅನ್ನಿಸಲಿಲ್ಲ.

ಈ ಸಾಲಿನಲ್ಲಿ ಒಂದು ರೂಢಿ ಇತ್ತು. ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಐದಾರು ವರ್ಷದ ಹಿಂದೆ ಸೀಮಾಳ ಮಗನ ಪುಸ್ತಕದಲ್ಲಿ ಚೀನಾದ ಮಹಾಗೋಡೆಯ ಚಿತ್ರ ಬಂದಿತ್ತು. ಮರುದಿನ ಅವಳು ಕೆಲಸ ನಿಲ್ಲಿಸಿ ಕೇಳಿದ್ದಳು: “ಅಗ ಬಾಯಿ, ಅಷ್ಟ ಉದ್ದ ಗ್ವಾಡಿ ಕಟ್ಟಿದ್ರ ಬಾಗಲಾ ಎಲ್ಲಿ ಇಟ್ಟಿದ್ರು? ಆ ಕಡೆ ತವರಮನಿ ಇದ್ದಾಕಿ ಪಂಚಮಿಗಿ ಹೆಂಗ ಹೋಗ್ತಿದ್ಲು?” ಯಾರಿಗೂ ಗೊತ್ತಿರಲಿಲ್ಲ. ನೀಲಮ, “ನಮ್ಮ ಮನಿಯವ್ರನ್ನ ಕೇಳ್ಕೊಂಡ ಬರ್ತೇನಿ” ಅಂದಳು.

ಅವಳ ಗಂಡ ಲಗಮಪ್ಪ ಊರಿನ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವನು. ಎಸ್ಸೆಸ್ಸೆಲ್ಸಿ ಆದಮೇಲೆ ಶಾಲೆ ಕಂಡವನಲ್ಲ, ಆದರೆ ಕಪಾಟಿನಲ್ಲಿದ್ದದ್ದನ್ನೆಲ್ಲ ಓದಿದ್ದ. ಗೋಡೆಗೆ ಬಾಗಿಲುಗಳಿದ್ದವು, ಕಾವಲಿತ್ತು, ವ್ಯಾಪಾರದವರು ಆ ಬಾಗಿಲುಗಳಿಂದಲೇ ಹೋಗಿಬರುತ್ತಿದ್ದರು ಎಂದು ಹೇಳಿ ಕಳಿಸಿದ. ಅವತ್ತಿನಿಂದ ಅವನು ಸಾಲಿಗೆಲ್ಲ ಲೈಬ್ರಿ ಮಾಮಾ ಆದ. ದಿನಕ್ಕೊಬ್ಬರ ಪಾಳಿ, ದಿನಕ್ಕೊಂದು ಪ್ರಶ್ನೆ. ಮೊದಲು ಎಲ್ಲರೂ ತಮ್ಮ ತಮ್ಮ ಊಹೆ ಹೇಳಬೇಕು. ಮರುದಿನ ನೀಲಮ ಉತ್ತರ ತರುತ್ತಾಳೆ. ಊಹೆ ತಪ್ಪಾದವರು ಶೇಂಗಾ ಚಟ್ನಿ ತರಬೇಕು.

ಮೆಣಸಿನಕಾಯಿ ಹಡಗಿನಲ್ಲಿ ಪೋರ್ಚುಗೀಸರ ಜೊತೆ ಬಂದದ್ದು, ಅದಕ್ಕೂ ಮೊದಲು ನಮ್ಮವರಿಗೆ ಖಾರ ಎಂದರೆ ಕರಿಮೆಣಸು ಎಂದು ಅವನು ಹೇಳಿ ಕಳಿಸಿದ ದಿನ ಕಾಳವ್ವ ಜಗಳಕ್ಕೇ ನಿಂತಿದ್ದಳು. “ಮೆಣಸಿನಕಾಯಿ ಇಲ್ಲದ ಚಟ್ನಿ ತಿಂದ ಆ ರಾಜರು ರಾಜ್ಯಾ ಹೆಂಗ ಆಳಿದ್ರಬೇ? ನಿನ್ನ ಗಂಡಗ ಹೇಳು, ಕಾಳವ್ವ ನಂಬಂಗಿಲ್ಲ ಅಂತ.” ಅದನ್ನು ಕೇಳಿ ಲಗಮಪ್ಪ ಅನ್ನ ಉಣ್ಣುವುದನ್ನು ಬಿಟ್ಟು ನಕ್ಕಿದ್ದ.

ಸೀಮಾಳ ಬಳಿ ಫೋನು ಇತ್ತು. ಅದಕ್ಕೆ ಕೇಳಿದರೆ ಚಣದಲ್ಲಿ ಹೇಳುತ್ತಿತ್ತು. “ಫೋನು ಹೇಳತೈತಿ ಖರೆ, ಆದ್ರ ಅವ್ರವ್ರು ಏನೇನಂದ್ರು ಅಂತ ತಿರಗಿ ಕೇಳೂದಿಲ್ಲ. ಮಾಮಾ ಕೇಳ್ತಾರ” ಎಂದು ಅವಳೇ ಅದನ್ನು ಚೀಲದೊಳಗೆ ಇಡುತ್ತಿದ್ದಳು.

ಕೊನೆಯ ಪ್ರಶ್ನೆ ಕಾಳವ್ವನದು. ಅವಳ ಅಜ್ಜ ಬ್ರಿಟಿಷರ ಕಾಲದಲ್ಲಿ ದೊಡ್ಡ ಯುದ್ಧಕ್ಕೆ ಹೋಗಿ ಬಂದವನಂತೆ. “ಯುದ್ಧ ಮುಗೀತು ಅಂತ ಎಲ್ಲಾರಿಗೂ ಹೆಂಗ ಗೊತ್ತಾತು? ಗೊತ್ತಾಗಲಾರದ ಬಡದಾಡಕೋಂತ ಉಳದವ್ರು ಯಾರರ ಇದ್ರೇನು?” ರೇಡಿಯೋದಲ್ಲಿ ಹೇಳಿದಮೇಲೆ ಎಲ್ಲರಿಗೂ ಗೊತ್ತಾಗಿಯೇ ಇರುತ್ತದೆ ಎಂದಳು ಸೀಮಾ. “ಒಬ್ಬಾಂವರ ಉಳದಿರ್ತಾನ ನೋಡು” ಎಂದಳು ಕಾಳವ್ವ.

ಆ ಸಂಜೆ ಟಂಟಂ ರಿಕ್ಷಾ ಸಿಗದೆ ನೀಲಮ ಊರತನಕ ನಡೆದೇ ಬಂದಿದ್ದಳು. ಲಗಮಪ್ಪ ಕಟ್ಟೆಯ ಮೇಲೆ ಕನ್ನಡಕ ಒರೆಸುತ್ತ ಕುಳಿತಿದ್ದ.

“ಇವತ್ತ ಏನ್ ಬಂತು?”

ಹೇಳಿದರೆ ಅವನು ಪುಸ್ತಕ ತೆಗೆಯುತ್ತಾನೆ, ಹಿಂದೆ ಮುಂದೆ ಹತ್ತು ಕೇಳುತ್ತಾನೆ, ಊಟ ತಡವಾಗುತ್ತದೆ. ಅವಳ ಕಾಲು ನೋವಿನಿಂದ ಸೇದುತ್ತಿದ್ದವು.

“ಯಾರೂ ಏನೂ ಕೇಳಿಲ್ರಿ.”

“ಕಾಳವ್ವನ ಪಾಳಿ ಇತ್ತಲ್ಲ?”

“ಮರತ್ಲು ಕಾಣತೈತಿ.”

“ಹೌದಾ” ಎಂದು ಕನ್ನಡಕವನ್ನು ಡಬ್ಬಿಗೆ ಹಾಕಿ ಮುಚ್ಚಿದ. ಉಂಡು ಮಲಗಿದ. ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು.

ಮಾತಾಡಿಸಿ ಹೋಗಲು ಬಂದವರೆಲ್ಲ ಅತ್ತರು. ನೀಲಮ ಬಂದವರಿಗೆ ಚಾಪೆ ಹಾಸಿದಳು, ನೀರು ಕೊಟ್ಟಳು. ಈಕಿ ಒಂದ ಹನಿ ಕಣ್ಣೀರ ಹಾಕಲಿಲ್ಲಲ್ಲ ಎಂದು ಹಿತ್ತಲಲ್ಲಿ ಯಾರೋ ಅಂದದ್ದೂ ಅವಳಿಗೆ ಕೇಳಿಸಿತ್ತು. ಹೌದಲ್ಲ, ಎಂದುಕೊಂಡಳು ಅಷ್ಟೇ.

ಈಗ ಶೆಡ್ಡಿನಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದರು. ರೊಟ್ಟಿ ಮುರಿಯುತ್ತ ಕಾಳವ್ವ ಮೆಲ್ಲಗೆ ಕೇಳಿದಳು.

“ನೀಲಾ, ಕೇಳಬಾರದು. ಆದ್ರೂ ಕೇಳ್ತೇನಿ. ನನ್ನ ಪ್ರಶ್ನಿಗಿ ಮಾಮಾ ಏನಂದ?”

“ಆಯಿ, ಇವತ್ತ ಬ್ಯಾಡ ಅಂದಿದ್ನಿಲ್ಲ ನಿನಗ” ಎಂದು ಸೀಮಾ ಗದರಿದಳು.

“ಅಲ್ಲಬೇ, ಅವ್ನ ಕಡೀ ಮಾತ ನನ್ನ ಪ್ರಶ್ನಿಗಿ ಹೇಳಿದ್ದ ಅಲ್ಲೇನ? ಹದಿನಾಕ ದಿನಾ ಆತು, ಅದ ತಲ್ಯಾಗ ಕೂತೈತಿ. ಒಬ್ಬಾಕಿ ಕಾಳವ್ವ ಅನ್ನೂವಾಕಿ ಕೇಳಿದ್ಲು ಅಂತ ತಿಳಕೊಂಡ ಹ್ವಾದನಲ್ಲ. ಅಷ್ಟ ಸಾಕು ನನಗ.”

ನೀಲಮಳ ಕೈಯಲ್ಲಿದ್ದ ರೊಟ್ಟಿಯ ತುಣುಕು ಬುತ್ತಿಗೆ ಮರಳಿತು.

“ನಾಳೆ ಹೇಳ್ತೇನಿ” ಅಂದಳು. ಗೊತ್ತಿಲ್ಲದ್ದು ಬಂದರೆ ಲಗಮಪ್ಪ ಹೇಳಿ ಕಳಿಸುತ್ತಿದ್ದ ಮಾತೇ ಅದು.

ಮನೆಯಲ್ಲಿ ಮಗಳು ಮನೀಷಾ ಇದ್ದಳು. ಚಿಕ್ಕೋಡಿಯಲ್ಲಿ ಡಿಗ್ರಿ ಓದುತ್ತಿದ್ದವಳು, ಅಪ್ಪ ಹೋದಾಗಿನಿಂದ ಕಾಲೇಜಿಗೆ ಹೋಗಿರಲಿಲ್ಲ. ನೀಲಮ ಕಾಲು ತೊಳೆದು ಬಂದು ಕಾಳವ್ವನ ಪ್ರಶ್ನೆ ಕೇಳಿದಳು. ಮನೀಷಾ ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಜಪಾನಿನ ಒಬ್ಬ ಸೈನಿಕ. ಫಿಲಿಪ್ಪೀನ್ಸಿನ ಒಂದು ದ್ವೀಪದ ಕಾಡು. ಯುದ್ಧ ಮುಗಿದ ಮೇಲೂ ಇಪ್ಪತ್ತೊಂಬತ್ತು ವರ್ಷ.

“ಯಾಕ ಬೇಕಾಗಿತ್ತ ಯವ್ವಾ?”

“ಶೆಡ್ಡಿನ್ಯಾಗ ಕೇಳ್ಯಾರ.”

ಮರುದಿನ ನೀಲಮ ಅದನ್ನು ಹಾಗೆಯೇ ಒಪ್ಪಿಸಿದಳು. ಕೈ ಕಡ್ಡಿ ಆರಿಸುತ್ತಿತ್ತು, ಬಾಯಿ ಹೇಳುತ್ತಿತ್ತು. ವಿಮಾನದಿಂದ ಚೀಟಿ ಉದುರಿಸಿದರಂತೆ, ಯುದ್ಧ ಮುಗಿದಿದೆ, ಹೊರಗೆ ಬಾ ಅಂತ. ವೈರಿಗಳ ಆಟ ಎಂದು ಅವನು ನಂಬಲಿಲ್ಲವಂತೆ. ಮನೆಯವರ ಪತ್ರ, ಫೋಟೋ ಹಾಕಿದರೂ ನಂಬಲಿಲ್ಲ.

“ಮನಿಯವ್ರ ಫೋಟೋ ನೋಡಿನೂ?” ಸೀಮಾ ಬಾಯಿ ಮೇಲೆ ಕೈ ಇಟ್ಟಳು. “ಹೇಂತಿ ಇದ್ಲೇನ ಅವಗ?”

“ಲಗ್ನ ಆಗಿದ್ದಿಲ್ಲಂತ.”

“ಅದಕ್ಕ ಕಾಡಿನ್ಯಾಗ ಆರಾಮ ಇದ್ದ ಬಿಡು” ಎಂದಳು ಕಾಳವ್ವ. ಸಾಲು ನಕ್ಕಿತು. ಹದಿನೈದು ದಿನದಲ್ಲಿ ಮೊದಲ ಸಲ. ನಕ್ಕ ಮೇಲೆ ಎಲ್ಲರೂ ನೀಲಮಳ ಕಡೆ ನೋಡಿದರು.

ಅವಳು ಮುಂದುವರಿಸಿದಳು. ಕೊನೆಗೆ ಅವನ ಹಳೆಯ ಸಾಹೇಬನನ್ನೇ ಹುಡುಕಿ ಕರೆದೊಯ್ದರಂತೆ. ಆ ಸಾಹೇಬ ಅಷ್ಟೊತ್ತಿಗೆ ಪುಸ್ತಕ ಮಾರಿಕೊಂಡು ಬದುಕುತ್ತಿದ್ದ. ಅವನು ಎದುರಿಗೆ ನಿಂತು ಮುಗಿಯಿತು ಎಂಬ ಹುಕುಂ ಓದಿದ ಮೇಲೆಯೇ ಇವನು ಬಂದೂಕು ಕೆಳಗಿಟ್ಟದ್ದು.

“ನಾ ಹೇಳಿದ್ನಿಲ್ಲ, ಒಬ್ಬಾಂವ ಉಳದಿರ್ತಾನಂತ!” ಕಾಳವ್ವನ ಕಣ್ಣು ಅರಳಿದವು. “ಸೀಮಾ, ನಾಳೆ ಚಟ್ನಿ ನಿಂದು. ಖಾರ ಚಲೋ ಹಾಕು.” ಆಮೇಲೆ ನೀಲಮಳ ಮೊಣಕಾಲ ಮೇಲೆ ಕೈ ಇಟ್ಟಳು. “ಹೇಳೂಮುಂದ ನಗತಿದ್ನೇನ ಮಾಮಾ? ಕಾಳವ್ವ ಗೆದ್ಲು ಅಂದ್ನೇನ?”

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ನೀಲಮ ಒಂದು ಕಡ್ಡಿ ಆರಿಸಿದಳು. ಇನ್ನೊಂದು ಆರಿಸಿದಳು.

“ಅವ್ರು ಹೇಳಿದ್ದಲ್ಲ ಆಯಿ. ಮನೀಷಾ ಫೋನಿನ್ಯಾಗ ನೋಡಿ ಹೇಳಿದ್ದು.”

ಸೀಮಾ ತನ್ನ ಕ್ರೇಟು ಪಕ್ಕಕ್ಕೆ ಸರಿಸಿದಳು.

“ಅವ್ರನ್ನ ನಾ ಕೇಳಲೇ ಇಲ್ಲ. ಅವತ್ತ ಕಾಲ ಸೇದ್ತಿದ್ದು. ಏನ್ ಬಂತು ಅಂದ್ರು, ಯಾರೂ ಏನೂ ಕೇಳಿಲ್ಲ ಅಂದೆ. ಕಾಳವ್ವನ ಪಾಳಿ ಇತ್ತಲ್ಲ ಅಂದ್ರು. ಮರತ್ಲು ಅಂದೆ. ಹೌದಾ ಅಂದ್ರು.” ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. “ಅಷ್ಟ.”

ಕಾಳವ್ವ ಮೊಣಕಾಲ ಮೇಲಿನ ಕೈ ತೆಗೆದಳು. ಸೊಂಟದ ಚೀಲ ಬಿಚ್ಚಿ ಎಲೆ ತೆಗೆದು ಸುಣ್ಣ ಸವರಿದಳು, ಬಹಳ ಹೊತ್ತು ಸವರಿದಳು.

“ನಾ ಮರತಿದ್ದಿಲ್ಲ” ಅಂದಳು.

“ಹೌದು.”

“ಮರತ್ಲು ಅಂತ ತಿಳಕೊಂಡ ಹ್ವಾದ.”

“ಹೌದ ಆಯಿ.”

ಸೀಮಾ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾಳೆ ಚಟ್ನಿ ತರ್ಲೇನ ಆಯಿ, ಬ್ಯಾಡಾ?”

“ತರಬ್ಯಾಡ. ತೀರ್ಮಾನ ಎಲ್ಲಿ ಆಗೇತಿ?” ಕಾಳವ್ವ ಎಲೆ ಬಾಯಿಗಿಡದೆ ಹಾಗೇ ಮಡಿಚಿ ನೀಲಮಳ ಮುಂದೆ ಇಟ್ಟಳು. “ಫೋನಿನ ಉತ್ತರ ನಂಗ್ಯಾಕ? ನಾ ಕೇಳಿದ್ದ ಲೈಬ್ರಿ ಮಾಮಾಗ. ಇವತ್ತ ಮನಿಗಿ ಹೋಗಿ ಕೇಳು. ಕಾಳವ್ವ ಕೇಳ್ಯಾಳ ಅಂತ ಹೆಸರ ಹೇಳಿ ಕೇಳು.”

“ಯಾರನ್ನ ಕೇಳ್ಲಿ?”

“ಅದ ನನಗ ಗೊತ್ತಿಲ್ಲ. ಕೇಳಾಕಿ ನೀ.”

ಸಂಜೆ ನೀಲಮ ಮನೆಗೆ ಬಂದಾಗ ಕಟ್ಟೆಯ ಮೇಲೆ ಇನ್ನೂ ಬಿಸಿಲಿತ್ತು. ಕಾಲು ತೊಳೆದಳು. ಕನ್ನಡಕದ ಡಬ್ಬಿ ಗೋಡೆಯ ಗೂಡಿನಲ್ಲಿ ಲಗಮಪ್ಪ ಇಟ್ಟಲ್ಲೇ ಇತ್ತು. ಅದನ್ನು ತಂದು ಅವನು ಕೂರುತ್ತಿದ್ದ ಜಾಗದಲ್ಲಿಟ್ಟು ಎದುರಿಗೆ ಕುಳಿತಳು. ಡಬ್ಬಿ ತೆರೆಯಬೇಕೋ ಬೇಡವೋ ತಿಳಿಯಲಿಲ್ಲ. ತೆರೆದಳು.

“ಕಾಳವ್ವ ಕೇಳ್ಯಾಳ್ರಿ” ಅಂದಳು. “ಯುದ್ಧ ಮುಗೀತು ಅಂತ ಎಲ್ಲಾರಿಗೂ ಹೆಂಗ ಗೊತ್ತಾತು ಅಂತ. ಗೊತ್ತಾಗಲಾರದ ಉಳದವ್ರು ಯಾರರ ಇದ್ರೇನ ಅಂತ.”

ಒಳಗಿನಿಂದ ಮನೀಷಾ ಕೂಗಿದಳು. “ನಿನ್ನೆನ ಹೇಳಿದ್ನಲ್ಲ ಯವ್ವಾ! ಜಪಾನಿನವ!”

“ನಿನ್ನ ಕೇಳಿಲ್ಲ” ಅಂದಳು ನೀಲಮ.

ಮನೀಷಾ ಬಾಗಿಲಿಗೆ ಬಂದಳು. ಕಟ್ಟೆ ನೋಡಿದಳು, ತೆರೆದ ಡಬ್ಬಿ ನೋಡಿದಳು. ಮತ್ತೇನೂ ಕೇಳದೆ ಹೊಸ್ತಿಲ ಮೇಲೆ ಕುಳಿತಳು. ಪುಸ್ತಕ ತೆಗೆದು ಪುಟ ಹುಡುಕಲು ಅವನಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು ಇಬ್ಬರೂ ಕುಳಿತಿದ್ದರು. ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಯಿತು.

“ಅನ್ನಕ್ಕ ಇಡ್ಲೇನ ಯವ್ವಾ?”

“ತಡಿ” ಅಂದಳು ನೀಲಮ. “ಇವತ್ತ ಊಟ ತಡಾ ಆಗಲಿ.”