ಮೂರನೆಯ ಭಾನುವಾರದ ಆಕ್ಷೇಪಣೆ

ಚಂದ್ರಾಬಾಯಿಗೆ ಆ ಭಾನುವಾರ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ತಿಕೋಟಾದ ಪುಟ್ಟ ಚರ್ಚಿನಲ್ಲಿ ಆಕೆಯ ಮಗ ದೇವಾನಂದನ ಮದುವೆಯ ಪ್ರಕಟಣೆಯನ್ನು ಅಂದು ಕೊನೆಯ ಸಲ ಓದುವುದಿತ್ತು. ಮದುವೆಗೆ ಮುಂಚೆ ಮೂರು ಭಾನುವಾರ ಗಂಡುಹೆಣ್ಣಿನ ಹೆಸರು ಓದಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಸಭೆಯನ್ನು ಕೇಳುವುದು ಅಲ್ಲಿನ ರೂಢಿ. ಯಾರೂ ಏಳುವುದಿಲ್ಲ. ಅಷ್ಟು ಹೊತ್ತಿಗೆ ಎಲ್ಲರ ಧ್ಯಾನವೂ ಮನೆಯ ಒಲೆಯ ಕಡೆ ಹೋಗಿರುತ್ತದೆ.

ಸೊಸೆಯಾಗುವವಳು ಬಬಲೇಶ್ವರದ ನೀಲಾ. ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರ ಹೊಲಿಗೆ ಅಂಗಡಿ ಇಟ್ಟವಳು. ಮಾತು ಕಡಿಮೆ, ಕೆಲಸ ಚುರುಕು. ಚಂದ್ರಾಬಾಯಿ ಅರ್ಧ ತಿಕೋಟಾದ ಮುಂದೆ ಈ ಸೊಸೆಯನ್ನು ಹೊಗಳಿ ಮುಗಿಸಿದ್ದಳು, ಉಳಿದರ್ಧಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ.

ಅಂದು ಚರ್ಚಿನಲ್ಲಿ ಇನ್ನೊಂದು ಮದುವೆಯ ಸುದ್ದಿಯೂ ಇತ್ತು. ಘೋಣಸಗಿಯ ಶಿವಾಜಿ ತನ್ನ ಮಗಳು ವಿಶಾಖಾಳನ್ನು ದೂರದೂರಿನ ವರನಿಗೆ ಕೊಡುತ್ತಿದ್ದ. ವರದಕ್ಷಿಣೆ ಇಲ್ಲ, ಖರ್ಚೆಲ್ಲ ಅವರದೇ, ಗುರುವಾರ ಸೋಲಾಪುರದಲ್ಲಿ ಮದುವೆ. ಹೊರಗೆ ಆಗುವ ಮದುವೆಯಾದ್ದರಿಂದ ಪ್ರಕಟಣೆಯ ಗೊಡವೆಯೂ ಇಲ್ಲ. ಪ್ರಾರ್ಥನೆಗೆ ಮುಂಚೆಯೇ ಇದನ್ನೆಲ್ಲ ಹತ್ತು ಜನರಿಗೆ ಹೇಳಿ, ಶಿವಾಜಿ ಮೀಸೆ ತಿರುವಿಕೊಂಡು ಕೂತಿದ್ದ. ಚಂದ್ರಾಬಾಯಿಯ ಪಕ್ಕ ಕೂತು ಇದನ್ನು ಕೇಳಿದ ನೀಲಾಳ ಮುಖ ಬಾಡಿತು. ಮದುವೆಯ ಅಂಜಿಕೆ ಇರಬೇಕು ಎಂದುಕೊಂಡಳು ಚಂದ್ರಾಬಾಯಿ.

ಪಾದ್ರಿ ಶಾಂತಪ್ಪನವರು ದೇವಾನಂದ, ನೀಲಾ ಎಂದು ಹೆಸರು ಓದಿ, "ಆಕ್ಷೇಪಣೆ ಇದ್ದವರು ಈಗಲೇ ತಿಳಿಸಬೇಕು" ಎಂದರು.

ನೀಲಾ ಎದ್ದು ನಿಂತಳು. ತನ್ನ ಮದುವೆಗೆ ತಾನೇ ಅಡ್ಡ ಬರುವ ಮದುಮಗಳನ್ನು ಆ ಸಭೆ ಹಿಂದೆಂದೂ ಕಂಡಿರಲಿಲ್ಲ.

"ಅಯ್ಯನವರ, ನನ್ನ ಮೊದಲನೇ ಮದುವ್ಯಾಗ ಈ ಪ್ರಶ್ನೆ ಯಾರೂ ಕೇಳಲಿಲ್ರಿ," ಎಂದಳು. "ಆಗ ನನಗ ಹದಿನಾರು ವರ್ಷ. ವರದಕ್ಷಿಣಿ ಬ್ಯಾಡ ಅಂದ್ರು, ಖರ್ಚ ನಮ್ದ ಅಂದ್ರು. ಅವ ಯಾರು, ಯಾವ ಊರಾಂವ, ಒಬ್ಬರೂ ಕೇಳಲಿಲ್ಲ. ತಾಳಿ ಕಟ್ಟಿ ಕರಕೊಂಡ ಹೋಗಿ ನನ್ನ ಮಾರಿದ್ರು. ಪೊಲೀಸರು ಬಿಡಿಸಿ ತರೂದ್ರಾಗ ಎರಡು ವರ್ಷ ಕಳೆದಿತ್ತು. ವಿಶಾಖಾಗ ಹಂಗ ಆಗಬಾರದು. ದೇವರ ಮನ್ಯಾಗ ಹೇಳದ ಇನ್ನೆಲ್ಲಿ ಹೇಳಲಿ? ಇಲ್ಲೂ ಹೇಳ್ತೇನಿ, ಎಲ್ಲಾ ಚರ್ಚಿಗೂ ಹೋಗಿ ಹೇಳ್ತೇನಿ. ಇದರಿಂದ ನನ್ನ ಮದುವಿ ಮುರಿದ್ರೂ ಹೇಳ್ತೇನಿ."

ಚಂದ್ರಾಬಾಯಿ ಥಟ್ಟನೆ ಮಗನ ಕಡೆ ತಿರುಗಿದಳು.

"ನನಗ ಮೊದಲ ಹೇಳ್ಯಾಳವ್ವ," ಎಂದು ದೇವಾನಂದ ಪಿಸುಗುಟ್ಟಿದ.

ಚಂದ್ರಾಬಾಯಿಗೆ ಸಿಟ್ಟು ನೆತ್ತಿಗೇರಿತು. ತನ್ನೊಬ್ಬಳಿಗೇ ತಿಳಿಸಿಲ್ಲವಲ್ಲ! ನೆಂಟರಿಷ್ಟರು, ಓಣಿಯ ಹೆಂಗಸರ ಬಾಯಿ ಎಲ್ಲ ಒಮ್ಮೆಗೇ ಕಣ್ಮುಂದೆ ಬಂದವು. ಆದರೆ ನೀಲಾ ಇನ್ನೂ ತಲೆ ಎತ್ತಿಯೇ ನಿಂತಿದ್ದಳು. ಸುಮ್ಮನಿದ್ದಿದ್ದರೆ ಮುಂದಿನ ವಾರ ಇವಳ ಮದುವೆ ಸುಸೂತ್ರವಾಗಿ ಆಗುತ್ತಿತ್ತು. ಹೆಸರಷ್ಟೇ ಗೊತ್ತಿರುವ ಒಂದು ಹುಡುಗಿಗಾಗಿ ತನ್ನ ಬಾಳನ್ನೇ ಪಣಕ್ಕಿಟ್ಟಳಲ್ಲ, ಎಂಥ ಗುಂಡಿಗೆ ಇವಳದು! ಚಂದ್ರಾಬಾಯಿಗೆ ತನ್ನ ಸಿಟ್ಟಿನ ಬಗ್ಗೆಯೇ ನಾಚಿಕೆಯಾಯಿತು.

ಅಷ್ಟರಲ್ಲಿ ಶಿವಾಜಿ ಎದ್ದು ಕೂಗಾಡತೊಡಗಿದ. "ಇಂಥಾಕಿ ಮಾತ ಕೇಳಿ ನನ್ನ ಮಗಳ ಮದುವಿ ಬಿಡಬೇಕೇನು? ಚಂದ್ರಾಬಾಯಿ, ಮೊದಲ ನಿನ್ನ ಸೊಸೀನ ನೋಡ್ಕೋ!"

ಚಂದ್ರಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ನೋಡ್ಕೊಂಡೇನಪಾ. ಊರೂರು ತಿರುಗಿದ್ರೂ ಇಂಥಾ ಸೊಸಿ ಸಿಗೂದಿಲ್ಲ. ನೀ ನಿನ್ನ ಅಳಿಯನ್ನ ನೋಡೀಯೇನು? ಅವನ ಊರ ಹೆಸರ ಹೇಳು."

"ದಿಲ್ಲಿ ಕಡೆ..." ಎಂದ ಶಿವಾಜಿ.

"ಕಡೆ ಬ್ಯಾಡ. ಊರು ಹೇಳು. ಅವರಪ್ಪನ ಹೆಸರ ಹೇಳು."

ಶಿವಾಜಿ ಕಿಸೆಯಿಂದ ಫೋನ್ ತೆಗೆದ. ಮದುವೆ ಕುದುರಿಸಿದವರ ಫೋನ್ ನಂಬರ್ ಬಿಟ್ಟರೆ ಅವನ ಹತ್ತಿರ ಬೇರೆ ಏನೂ ಇರಲಿಲ್ಲ.

ಆಗ ಹೆಂಗಸರ ನಡುವಿನಿಂದ ವಿಶಾಖಾ ಎದ್ದಳು. ಈ ಸಂಬಂಧ ಗೊತ್ತಾದಾಗಿನಿಂದ ಅವಳನ್ನು ಒಬ್ಬರೂ ಒಂದು ಮಾತು ಕೇಳಿರಲಿಲ್ಲ.

"ಅಪ್ಪಾ, ನಾ ಒಲ್ಲೆ," ಎಂದಳು. ಹೋಗಿ ನೀಲಾಳ ಕೈ ಗಟ್ಟಿಯಾಗಿ ಹಿಡಿದು ನಿಂತಳು.