ಸೋದರಮಾವನ ತಾಲೀಮು

ಚನ್ನಗಿರಿಯ ಜಯದೇವಪ್ಪನವರಿಗೆ ಐವತ್ತು ದಾಟಿದ ಮೇಲೆ ತಾಲೀಮಿನ ಹುಚ್ಚು ಹತ್ತಿತು ಎಂದು ಪೇಟೆಯವರು ಆಡಿಕೊಂಡಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಡಿಕೆ ಖೇಣಿ ಹಿಡಿಯುವ ಆಸಾಮಿ ಅವರು. ಮರದ ಮೇಲಿನ ಫಸಲನ್ನು ಕಣ್ಣಳತೆಯಲ್ಲೇ ಇಷ್ಟು ಎಂದು ಅಂದಾಜು ಕಟ್ಟಿ, ಕೊಯ್ಲಿಗೆ ಮೊದಲೇ ತೋಟದವರ ಜೊತೆ ಮಾತು ಮುಗಿಸುವುದು ಅವರ ಕಸುಬು. ನಲ್ಲೂರು, ಕೆರೆಬಿಳಚಿಯ ತೋಟಗಳಲ್ಲಿ ವರ್ಷಗಟ್ಟಲೆ ಕತ್ತೆತ್ತಿ ನೋಡಿ ನೋಡಿ ಕುತ್ತಿಗೆಯೊಂದು ಗಟ್ಟಿಮುಟ್ಟಾಗಿತ್ತು. ಮಿಕ್ಕ ಮೈಯೆಲ್ಲ ಬೈಕಿನ ಸೀಟಿಗೂ ಅಂಗಡಿಯ ಗಾದಿಗೂ ಹದವಾಗಿ ಒಗ್ಗಿಕೊಂಡು, ಹೊಟ್ಟೆಯ ಭಾಗದಲ್ಲಿ ಸ್ವಲ್ಪ ಧಾರಾಳವಾಗಿಯೇ ಬೆಳೆದಿತ್ತು.

ಇಂಥವರನ್ನು ಗಾದಿಯಿಂದ ಎಬ್ಬಿಸಿದ್ದು ಹೊನ್ನಾಳಿಯಲ್ಲಿದ್ದ ತಂಗಿ ಕಲ್ಪನಾಳ ಮಗಳು ಪೂಜಾಳ ಮದುವೆ. ಜಯದೇವಪ್ಪನವರ ಮನೆತನದಲ್ಲಿ ಮದುಮಗಳು ಮಂಟಪಕ್ಕೆ ನಡೆದು ಬರುವುದಿಲ್ಲ. ಸೋದರಮಾವ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನೆಂಟರಿಷ್ಟರ ನಡುವೆ ಹಾದು, ಮಂಟಪದಲ್ಲಿ ಇಳಿಸಬೇಕು. ಈಗೀಗ ಸೋದರಮಾವಂದಿರಿಗೆ ಸೊಂಟ ನೋವು ಹೆಚ್ಚಾಗಿ ಬಹಳಷ್ಟು ಕಡೆ ಇದು ಕೈಹಿಡಿದು ಕರೆತರುವ ಮಟ್ಟಕ್ಕೆ ಇಳಿದಿದೆ. ಅದು ಬೇರೆ ಮಾತು.

ನಿಶ್ಚಯದ ದಿನ ಜಗಳೂರಿನಿಂದ ಬಂದ ಗಂಡಿನ ಕಡೆಯವರಲ್ಲಿ ಗಂಡಿನ ಸೋದರತ್ತೆ ಶಿವಗಂಗಮ್ಮನವರದೇ ಯಜಮಾನಿಕೆ. ಹುಡುಗನನ್ನು ಸಾಕಿ ಬೆಳೆಸಿದ್ದೇ ಅವರು. ಶಾಸ್ತ್ರಗಳ ಮಾತು ಬಂದಾಗ ಆಕೆ, ಹೆಣ್ಣನ್ನು ಎತ್ತಿಕೊಂಡು ಬರುವುದೆಲ್ಲ ಬೇಡ, ಕೈಹಿಡಿದು ಕರೆತಂದರೆ ಸಾಕು ಅಂದುಬಿಟ್ಟರು. ಯಾರೋ ಮೂಲೆಯಲ್ಲಿ ಕಿಸಕ್ಕೆಂದರು. ಜಮಖಾನದ ಮೇಲಿದ್ದ ಕಣ್ಣುಗಳೆಲ್ಲ ಒಮ್ಮೆಲೇ ಪೂಜಾಳ ಕಡೆ ತಿರುಗಿದವು. ಪೂಜಾ ದಪ್ಪನೆಯ ಹುಡುಗಿ. ದುಂಡು ಮುಖ, ತುಂಬಿದ ತೋಳು, ನಡೆದರೆ ನೆಲಕ್ಕೆ ಗೊತ್ತಾಗುವ ನಡಿಗೆ. ಅವಳು ತಲೆ ತಗ್ಗಿಸಿ ಸಣ್ಣಗೆ ನಕ್ಕು, "ಹೌದು ಮಾವ, ನಡ್ಕೊಂಡೇ ಬರ್ತೀನಿ ಬಿಡ್ರಿ" ಎಂದಳು.

ಆ ನಗು ಜಯದೇವಪ್ಪನವರ ಎದೆಗೆ ನಾಟಿತು. ಚಿಕ್ಕವಳಿದ್ದಾಗ ಅವರ ಬೈಕಿನ ಸದ್ದು ಕೇಳಿದರೆ ಸಾಕು, ಓಡಿಬಂದು ಎತ್ತಿಕೋ ಎಂದು ಎರಡೂ ಕೈ ಚಾಚುತ್ತಿದ್ದ ಹುಡುಗಿ. ಒಮ್ಮೆ ಯಾವುದೋ ಗೃಹಪ್ರವೇಶದಲ್ಲಿ ಅವಳನ್ನು ಎತ್ತಿಕೊಂಡಿದ್ದಾಗ ನೆಂಟರೊಬ್ಬರು ಅಡಿಕೆ ಮೂಟೆ ಹೊತ್ತುಕೊಂಡು ಎಲ್ಲಿಗೆ ಹೊರಟೆ ಎಂದು ಅವರನ್ನು ಚುಡಾಯಿಸಿದ್ದರು. ಮಗು ಸುಮ್ಮನೆ ಜಾರಿ ಕೆಳಗಿಳಿದಿತ್ತು. ಆಮೇಲೆ ಒಂದು ದಿನವೂ ಅವಳು ಕೈ ಚಾಚಲಿಲ್ಲ. ಅದೆಲ್ಲ ಒಮ್ಮೆಗೇ ನೆನಪಾಗಿ ಜಯದೇವಪ್ಪನವರು ಎದ್ದು ನಿಂತರು.

"ನಮ್ಮ ಮನೆ ಪದ್ಧತಿ ಐತೆ. ನಮ್ಮ ಹುಡುಗೀನ ನಾನು ಎತ್ಕೊಂಡೇ ಬರ್ತೀನಿ" ಎಂದರು.

ಹೇಳುವಾಗ ಗತ್ತಿನಿಂದಲೇ ಹೇಳಿದರು. ಊರಿಗೆ ವಾಪಸಾಗುವಾಗ ಕಾರಿನಲ್ಲಿ ಬೆವರಿದರು. ಕಣ್ಣಳತೆಯ ಅಭ್ಯಾಸ ಬಿಡಬೇಕಲ್ಲ, ಹುಡುಗಿಯ ತೂಕವನ್ನು ಮನಸ್ಸು ಆಗಲೇ ಅಂದಾಜು ಕಟ್ಟಿ ಮುಗಿಸಿತ್ತು. ತಾವು ತುಂಬಿದ ಸಭೆಯಲ್ಲಿ ತತ್ತರಿಸಿದರೆ ನಗುವವರು ತಮ್ಮನ್ನು ನೋಡಿ ನಗುವುದಿಲ್ಲ, ಆ ಹುಡುಗಿಯನ್ನು ನೋಡಿ ನಗುತ್ತಾರೆ. ಅವಳ ಮದುವೆಯ ದಿನವೇ ನಗುತ್ತಾರೆ. ಯೋಚಿಸಿದಷ್ಟೂ ಅವರಿಗೆ ದಿಗಿಲಾಯಿತು. ಮದುವೆಗೆ ಮೂರು ತಿಂಗಳು ಉಳಿದಿತ್ತು.

ಹೆಂಡತಿ ಕಸ್ತೂರಮ್ಮ ಪರಿಹಾರವನ್ನು ನಾಲಗೆಯ ತುದಿಯಲ್ಲೇ ಇಟ್ಟುಕೊಂಡಿದ್ದರು. ನಡೆಯುವುದು. ಬಿಪಿ ನೋಡಿದ ಡಾಕ್ಟರೂ ಹಿಂದೆಯೇ ಅದನ್ನು ಹೇಳಿದ್ದರು. ಕಸ್ತೂರಮ್ಮ ದಿನಾ ಬೆಳಿಗ್ಗೆ ಹೈಸ್ಕೂಲ್ ಮೈದಾನದಲ್ಲಿ ಗೆಳತಿಯರ ದಂಡು ಕಟ್ಟಿಕೊಂಡು ಸುತ್ತು ಹೊಡೆಯುವವರು. ಎದೆ ಗಟ್ಟಿಯಾದರೆ ಎಲ್ಲವೂ ಗಟ್ಟಿ ಎಂಬುದು ಅವರ ನಂಬಿಕೆ. ಜಯದೇವಪ್ಪನವರು ಬಿಳಿ ಬೂಟು ಕೊಂಡು ಗಂಡಸರ ದಂಡಿಗೆ ಸೇರಿದರು. ಆ ದಂಡು ನಡೆಯುವುದಕ್ಕಿಂತ ಹೆಚ್ಚು ನಿಲ್ಲುತ್ತಿತ್ತು. ಅಡಿಕೆ ಧಾರಣೆ, ಗ್ರಾಮ ಪಂಚಾಯಿತಿ, ಯಾರದೋ ಮಗನ ಡೈವೋರ್ಸು ಎಲ್ಲ ಮುಗಿದ ಮೇಲೆ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿಯ ಗಾಡಿಯ ಮುಂದೆ ವ್ಯಾಯಾಮ ಸಮಾಪ್ತಿಯಾಗುತ್ತಿತ್ತು. ಕೆಲವು ವಾರ ಕಳೆದು ಜಯದೇವಪ್ಪನವರು ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಒಂದು ಅಡಿಕೆ ಚೀಲವನ್ನು ಅಪ್ಪಿ ಎತ್ತಲು ಹೋದರು. ಚೀಲ ಮೊಣಕಾಲಿನ ತನಕ ಬಂದು, ಅಲ್ಲಿಂದ ಮುಂದೆ ಬರುವುದಿಲ್ಲ ಎಂದು ಹಟ ಹಿಡಿಯಿತು.

ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಜಿಮ್ ನಡೆಸುವ ತಿಪ್ಪೇಶನನ್ನು ಅವರು ಹೋಗಿ ಕಂಡದ್ದು ಆಗಲೇ. ತಿಪ್ಪೇಶನಿಗೆ ನಡಿಗೆ, ಓಟ ಎಂದರೆ ತಾತ್ಸಾರ. ಅದನ್ನೆಲ್ಲ ಅವನು ಕಾರ್ಡಿಯೋ ಎಂಬ ಒಂದೇ ಮಾತಿನಲ್ಲಿ ಕಸದ ಬುಟ್ಟಿಗೆ ಎಸೆಯುತ್ತಿದ್ದ. ಅಂಕಲ್, ಓಡಿದರೆ ಕಾಲು ಸವೆಯುತ್ತೆ, ಎತ್ತಿದರೆ ರಟ್ಟೆ ಬೆಳೆಯುತ್ತೆ ಎನ್ನುತ್ತಿದ್ದ. ಅಂಕಲ್ ಎಂದದ್ದು ಜಯದೇವಪ್ಪನವರಿಗೆ ಹಿಡಿಸಲಿಲ್ಲ. ಆದರೂ ಡಾಕ್ಟರನ್ನು ಕೇಳಿ, ಉಸಿರು ಬಿಗಿಹಿಡಿಯಬೇಡಿ, ಭಾರವನ್ನು ನಿಧಾನವಾಗಿ ಏರಿಸಿ ಎಂದು ಹೇಳಿಸಿಕೊಂಡು ಬಂದು ಸೇರಿಕೊಂಡರು. ಮೊದಲ ವಾರ ಅವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗಲಿಲ್ಲ, ಕಸ್ತೂರಮ್ಮನವರೇ ಹಾಕಿ ಕಳಿಸಿದರು. ಹಾಕುವಾಗ, ನಡೆಯೋದು ಬಿಟ್ಟು ಕಬ್ಬಿಣ ಎತ್ತಾಕೆ ಹೋದ್ರೆ ಹಿಂಗೇ ಆಗೋದು ಎಂದು ಮಂತ್ರ ಹೇಳಿದಂತೆ ಹೇಳಿದರು.

ತಿಂಗಳು ಕಳೆಯುವುದರೊಳಗೆ ಚೀಲ ಎದೆಯ ತನಕ ಬಂತು. ಜಯದೇವಪ್ಪನವರು ಹಿಗ್ಗಿ ಅದನ್ನು ಅಪ್ಪಿಕೊಂಡೇ ಗೋದಾಮಿನ ಆ ತುದಿಗೆ ಹೊರಟರೆ, ಅರ್ಧಕ್ಕೇ ತಿದಿ ಒತ್ತಿದಂತೆ ಉಸಿರಾಡುತ್ತ ಕುಸಿದು ಕೂತರು. ನಡೆದಾಗ ಎತ್ತಲಾಗಲಿಲ್ಲ, ಎತ್ತಿದಾಗ ನಡೆಯಲಾಗಲಿಲ್ಲ. ಕಸ್ತೂರಮ್ಮ ಒಂದು ಕಡೆ, ತಿಪ್ಪೇಶ ಒಂದು ಕಡೆ, ಇಬ್ಬರೂ ನಾನು ಹೇಳಲಿಲ್ಲವೇ ಎಂಬ ಮುಖ ಮಾಡಿದರು.

ಆ ಸಂಜೆ ಊಟಕ್ಕೆ ಕೂತಾಗ ಜಯದೇವಪ್ಪನವರು ಹೆಂಡತಿಯ ಮುಖ ನೋಡದೆ ವಿಷಯ ತೆಗೆದರು. ಚೀಲಕ್ಕೆ ಕೈಕಾಲಿಲ್ಲ, ಅದು ಎತ್ತಿದಂತೆ ಬಿದ್ದಿರುತ್ತದೆ, ಮನುಷ್ಯರು ಹಾಗಲ್ಲ, ಅಲ್ಲಾಡುತ್ತಾರೆ, ಮುಂದಕ್ಕೆ ಜಗ್ಗುತ್ತಾರೆ, ಆದ್ದರಿಂದ ಮನುಷ್ಯರನ್ನೇ ಎತ್ತಿಕೊಂಡು ನಡೆದು ಅಭ್ಯಾಸ ಮಾಡಬೇಕು ಎಂದು ಬಹಳ ಸುತ್ತಿ ಬಳಸಿ ಹೇಳಿದರು. ಕಸ್ತೂರಮ್ಮನವರಿಗೆ ಅರ್ಥವಾಗುವುದು ತಡವಾಗಲಿಲ್ಲ. ಸೊಸೆ ತರುವ ವಯಸ್ಸಿನಲ್ಲಿ ಇದೆಂಥ ಚೇಷ್ಟೆ, ನೋಡಿದವರು ಏನಂದಾರು ಎಂದು ಗದರಿ ಒಳಗೆ ಹೋದರು.

ಮಾರನೇ ದಿನ ಬೆಳಗಾಗುವ ಹೊತ್ತಿಗೆ ತಾರಸಿಗೆ ಮೊದಲು ಬಂದವರೂ ಅವರೇ. ಸೆರಗು ಬಿಗಿದು ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು, ನೀರಿನ ಟ್ಯಾಂಕಿನ ಪಕ್ಕ ಸಿದ್ಧವಾಗಿ ನಿಂತಿದ್ದರು. "ಕೆಡವಿದ್ರೆ ಮದುವಿಗೆ ನೀವೊಬ್ರೇ ಹೋಗ್ಬೇಕಾಗುತ್ತೆ, ನೋಡ್ಕಳ್ರಿ" ಎಂದರು.

ಜಯದೇವಪ್ಪನವರು ಎತ್ತಿದರು. ಕಸ್ತೂರಮ್ಮ ಗಟ್ಟಿಯಾಗಿ ಅವರ ಕುತ್ತಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದರು. ಟ್ಯಾಂಕಿಗೆ ಒಂದು ಸುತ್ತು ಬರುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ ಎಂಬುದು ಜಯದೇವಪ್ಪನವರಿಗೆ ಆಗ ಹೊಳೆಯಿತು, ಹೊಳೆದು ಸ್ವಲ್ಪ ನಾಚಿಕೆಯೂ ಆಯಿತು. ಇಳಿಸಿದಾಗ ಕಸ್ತೂರಮ್ಮ ಸೆರಗು ಸರಿಮಾಡಿಕೊಳ್ಳುತ್ತ ಬೇರೆಲ್ಲೋ ನೋಡಿ, ಇನ್ನೊಂದು ಸುತ್ತು ಆಗಲಿ ಎಂದರು.

ಹೀಗೆ ದಿನಾ ಸುತ್ತುಗಳು ಏರಿದವು. ಎತ್ತುವುದೂ ಆಯಿತು, ನಡೆಯುವುದೂ ಆಯಿತು. ತಿಪ್ಪೇಶನ ಜಿಮ್ಮನ್ನೂ ಬಿಡಲಿಲ್ಲ, ಮೈದಾನದ ನಡಿಗೆಯನ್ನೂ ಬಿಡಲಿಲ್ಲ, ಬಜ್ಜಿಯ ಗಾಡಿಯನ್ನು ಮಾತ್ರ ಬಿಟ್ಟರು. ಆದರೆ ತಾರಸಿಯ ಸುದ್ದಿ ತಾರಸಿಯಲ್ಲೇ ಉಳಿಯುವುದುಂಟೇ. ಸಂಡಿಗೆ ಹಾಕಲು ಎದುರು ಮಹಡಿಗೆ ಹತ್ತಿದ ಸಾವಂತ್ರಮ್ಮ, ಕಸ್ತೂರಮ್ಮ ಕಾಲು ಮುರಿದುಕೊಂಡಿದ್ದಾರೆ, ಪಾಪ, ಯಜಮಾನರೇ ಬಿಸಿಲಿಗೆ ಎತ್ತಿಕೊಂಡು ಓಡಾಡಿಸುತ್ತಾರೆ ಎಂದು ಬೀದಿಗೆಲ್ಲ ತಿಳಿಸಿದರು. ಮಧ್ಯಾಹ್ನದ ಹೊತ್ತಿಗೆ ಬಾಳೆಹಣ್ಣು, ಬ್ರೆಡ್ಡು, ಎಳನೀರು ಹಿಡಿದು ಜನ ಬರತೊಡಗಿದರು. ಕಸ್ತೂರಮ್ಮ ಬಾಗಿಲು ತೆಗೆದು, ಎರಡು ಕಾಲ ಮೇಲೆ ನಿಂತು, ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟರು. ನಿಜ ಹೇಳುವುದಕ್ಕಿಂತ ಕಾಲು ವಾಸಿಯಾಯಿತು ಎನ್ನುವುದೇ ಅವರಿಗೆ ಸುಲಭವಾಯಿತು.

ಮದುವೆಗೆ ಹದಿನೈದು ದಿನ ಇರುವಾಗ ಕಲ್ಪನಾಳ ಫೋನ್ ಬಂತು. ಪೂಜಾ ಬೆಳಕು ಹರಿಯುವ ಮೊದಲೇ ಎದ್ದು ಹೊಳೆಯ ದಾರಿಯಲ್ಲಿ ಓಡುತ್ತಾಳಂತೆ, ಸಂಜೆಯೂ ಓಡುತ್ತಾಳಂತೆ. ಊಟಕ್ಕೆ ಕರೆದರೆ ಸೌತೆಕಾಯಿ ತಿಂದು ಏಳುತ್ತಾಳಂತೆ. ಆ ದಿನ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಬಿದ್ದಿದ್ದಳು. ಜಯದೇವಪ್ಪನವರು ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಬೈಕ್ ಹತ್ತಿದರು.

ಹೊನ್ನಾಳಿಯ ಮನೆಯಲ್ಲಿ ಹುಡುಗಿ ಕಣ್ಣು ಗುಳಿ ಬಿದ್ದು ಕೂತಿದ್ದಳು. ಯಾಕವ್ವ ಹಿಂಗೆ ಎಂದು ಜಯದೇವಪ್ಪನವರು ಕೇಳಿದರು. "ನೀವು ನನ್ನನ್ನ ಎತ್ತಾಕೆ ಹೋಗಿ ಸೊಂಟ ಮುರ್ಕೊಂಡ್ರೆ ಅಂತ ಭಯ ಆಗೈತೆ ಮಾವ. ಸ್ವಲ್ಪ ಇಳಿದ್ರೆ ನಿಮಗೆ ಹಗುರ ಆಗ್ತಿತ್ತು" ಎಂದಳು.

ಜಯದೇವಪ್ಪನವರು ಅವಳ ಪಕ್ಕದಲ್ಲೇ ಕೂತರು. ತಾವು ಅವಳಿಗಾಗಿ ಭಾರ ಎತ್ತುತ್ತಿದ್ದರೆ ಅವಳು ತಮಗಾಗಿ ಕರಗುತ್ತಿದ್ದಳು.

"ನೋಡವ್ವ, ನಾನು ಇಷ್ಟು ದಿನ ಬೆವರು ಸುರಿಸಿದ್ದು ನಿನ್ನನ್ನ ಎತ್ತಾಕೆ. ಅರ್ಧ ನಿನ್ನನ್ನ ಎತ್ತಾಕಲ್ಲ. ಓಡೋದು ಚಂದ ಅನ್ಸಿದ್ರೆ ಓಡು, ನಿನ್ನ ಖುಷಿಗೆ ಓಡು. ನನ್ನ ರಟ್ಟೆಗೆ ಹೆದರಿ ಓಡಬ್ಯಾಡ."

ಪೂಜಾ ಅತ್ತಳು. ಅತ್ತು ಮುಗಿದ ಮೇಲೆ ಹಸಿವಾಗಿದೆ ಎಂದಳು. ಕಲ್ಪನಾ ಬಿಸಿ ರೊಟ್ಟಿ ಬಡಿದು, ಎಣ್ಣೆಗಾಯಿ ಪಲ್ಯದ ಜೊತೆ ಇಬ್ಬರ ಮುಂದೂ ಇಟ್ಟಳು. ಮಾವ ಸೊಸೆ ಇಬ್ಬರೂ ಡಾಕ್ಟರ್ ಇಲ್ಲ, ತಿಪ್ಪೇಶ ಇಲ್ಲ ಎಂಬಂತೆ ಉಂಡರು.

ಮದುವೆಯ ದಿನ ಹೊನ್ನಾಳಿಯ ಛತ್ರ ಕಿಕ್ಕಿರಿದಿತ್ತು. ಜಗಳೂರು, ನ್ಯಾಮತಿ, ಚನ್ನಗಿರಿ, ಎಲ್ಲ ಕಡೆಯ ನೆಂಟರೂ ಕುರ್ಚಿ ಹಿಡಿದು ಕೂತಿದ್ದರು. ಮದುಮಗಳ ಕೋಣೆ ಒಂದು ತುದಿ, ಮಂಟಪ ಇನ್ನೊಂದು ತುದಿ. ವಾಲಗದವರು ಶುರುಮಾಡಿದರು. ಜಯದೇವಪ್ಪನವರು ಶಲ್ಯ ಸೊಂಟಕ್ಕೆ ಬಿಗಿದು, ಮಂಡಿ ಬಗ್ಗಿಸಿ, ಪೂಜಾಳನ್ನು ಎತ್ತಿದರು. ಸೀರೆಯ ಜರಿ, ಒಡವೆ, ಹೂವಿನ ದಂಡೆ ಎಲ್ಲ ಸೇರಿ ಅಂದಾಜಿಗಿಂತ ಸ್ವಲ್ಪ ಹೆಚ್ಚೇ ಇತ್ತು. ಆದರೂ ಬಂತು. ಹಾಯಾಗಿ ಬಂತು. ಕೋಣೆ ದಾಟಿ, ಕುರ್ಚಿಗಳ ಸಾಲು ದಾಟಿ, ಛತ್ರದ ನಡುವಿಗೆ ಬಂದರು. ಜನ ಎದ್ದು ನಿಂತು ನೋಡುತ್ತಿದ್ದರು.

ಆಗ ಅಡ್ಡ ಬಂದವನು ವಿಡಿಯೋದವನು. ಹಾಗೇ ನಿಲ್ಲಿ ಸರ್, ಸ್ಲೋ ಮೋಷನ್ ಬೇಕು ಎಂದ. ನಿಂತರು. ಮದುಮಗಳು ಕ್ಯಾಮೆರಾ ನೋಡಲಿ ಎಂದ. ನೋಡಿದಳು. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು, ಒಂದು ನಿಮಿಷ ಸರ್ ಎಂದು ಚೀಲ ತಡಕಾಡತೊಡಗಿದ. ಎತ್ತುವುದನ್ನು ಕಲಿತಿದ್ದರು, ನಡೆಯುವುದನ್ನು ಕಲಿತಿದ್ದರು. ಎತ್ತಿಕೊಂಡು ಸುಮ್ಮನೆ ನಿಲ್ಲಬೇಕಾದೀತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮುಂದೋಳು ನಡುಗತೊಡಗಿತು. ಪೂಜಾಳಿಗೆ ಅದು ತಿಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಗುಸುಗುಸು ಎಂದರು.

"ಮಾವ, ಇಳಿಸಿಬಿಡ್ರಿ" ಎಂದಳು ಪಿಸುಮಾತಿನಲ್ಲಿ.

ಜಯದೇವಪ್ಪನವರು ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದರು. ಅಷ್ಟರಲ್ಲಿ ಊಟದ ಮನೆಯ ಬಾಗಿಲಿನಿಂದ ಶಿವಗಂಗಮ್ಮ ಜನರನ್ನು ಸೀಳಿಕೊಂಡು ಬಂದರು. ಕ್ಯಾಮೆರಾವನ್ನು ಸ್ಟ್ಯಾಂಡಿನ ಸಮೇತ ಪಕ್ಕಕ್ಕೆ ದೂಡಿದರು.

"ದಾರಿ ಬಿಡ್ರಿ. ನಮ್ಮ ಹುಡುಗಿ ಬರ್ತಾ ಐತೆ, ದಾರಿ ಬಿಡ್ರಿ" ಎಂದರು. ಅವರ ದನಿಗೆ ವಾಲಗವೂ ಅರೆಗಳಿಗೆ ನಿಂತಿತು.

ಆಕೆ ಎರಡೂ ಕೈ ಅಗಲಿಸಿ ಮುಂದೆ ನಡೆದರು, ಕುರ್ಚಿ ಸರಿಸಿದರು, ಮಕ್ಕಳನ್ನು ಬದಿಗೆ ಎಳೆದರು. ಜಯದೇವಪ್ಪನವರು ಹಲ್ಲು ಕಚ್ಚಿ ಹಿಂದೆ ನಡೆದರು. ಮಂಟಪ ಬಂತು. ಪೂಜಾಳನ್ನು ಮೆಲ್ಲಗೆ, ಹೂವು ಒಂದೂ ಉದುರದ ಹಾಗೆ ಇಳಿಸಿದರು. ಅವಳು ಬಾಯಿ ತುಂಬ ನಗುತ್ತಿದ್ದಳು. ಅಕ್ಷತೆ ಬೀಳುವ ಮೊದಲೇ ಜನ ಚಪ್ಪಾಳೆ ತಟ್ಟಿದರು. ಕಸ್ತೂರಮ್ಮ ಅಳುತ್ತಲೂ ಇದ್ದರು, ಪಕ್ಕದವರಿಗೆ ನನ್ನನ್ನೂ ಎತ್ತಿದ್ದಾರೆ ಎಂದು ಹೇಳುತ್ತಲೂ ಇದ್ದರು.

ಊಟಕ್ಕೆ ಕೂತಾಗ ಶಿವಗಂಗಮ್ಮ ತಾವೇ ಹೋಳಿಗೆಯ ಬುಟ್ಟಿ ಹಿಡಿದು ಬಂದು ಜಯದೇವಪ್ಪನವರ ಎಲೆಯ ಮುಂದೆ ನಿಂತರು. ಮೂರು ತಿಂಗಳಿನಿಂದ ಅವರು ಮನಸ್ಸಿನಲ್ಲಿ ಆಕೆಯನ್ನು ಬೈಯದ ದಿನವಿರಲಿಲ್ಲ. ಈಗ, ದಾರಿ ಮಾಡಿಕೊಟ್ಟಿದ್ದು ದೊಡ್ಡ ಉಪಕಾರ ಅಕ್ಕಾರೇ ಎಂದರು.

ಶಿವಗಂಗಮ್ಮ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡರು.

"ನನ್ನ ಮದುವೇಲೂ ನಮ್ಮ ಮಾವ ಎತ್ತಿದ್ರು ಅಣ್ಣಾರೇ. ನಾನೂ ಪೂಜಾನಂಗೇ ಇದ್ದೆ. ಅರ್ಧ ದಾರೀಲಿ ಆಗಲ್ಲ ಅಂತ ಇಳಿಸಿಬಿಟ್ರು. ಛತ್ರಕ್ಕೆ ಛತ್ರವೇ ನಕ್ತು. ನಾನೂ ಅವರ ಜೊತೆ ನಕ್ಕಂಡು ಉಳಿದ ದಾರಿ ನಡೆದೆ. ಆಮೇಲೆ ಯಾರ ಮದುವಿಗೆ ಹೋದ್ರೂ ಹೆಣ್ಣನ್ನ ಎತ್ತೋ ಹೊತ್ತಿಗೆ ನಾನು ಊಟದ ಮನೇಲಿರ್ತೀನಿ, ನೋಡಾಕೆ ಆಗಲ್ಲ. ಈ ಕೂಸಿಗೆ ಅದು ಬ್ಯಾಡ ಅಂತ ಅವತ್ತು ಹಂಗಂದಿದ್ದೆ." ಬುಟ್ಟಿಯಿಂದ ಹೋಳಿಗೆ ತೆಗೆಯುತ್ತ, "ಇವತ್ತು ಕೊನೇ ತನಕ ನೋಡಿದೆ" ಎಂದರು.

ಹೇಳಿ ಮುಗಿಸಿ ಆಕೆ ಎರಡು ಹೋಳಿಗೆ ಬಡಿಸಿ, ತುಪ್ಪ ಸುರಿದರು. ಜಯದೇವಪ್ಪನವರು ತುತ್ತು ಮುರಿದರು, ಆದರೆ ಕೈ ಬಾಯಿಯ ತನಕ ಏಳಲೇ ಇಲ್ಲ. ರಟ್ಟೆಯ ದಣಿವೋ ಕೇಳಿದ ಮಾತೋ ಅವರಿಗೇ ಗೊತ್ತಾಗಲಿಲ್ಲ. ಶಿವಗಂಗಮ್ಮ ಅದನ್ನು ನೋಡಿ ಬುಟ್ಟಿ ಕೆಳಗಿಟ್ಟು, ಎಲೆಯ ಮುಂದೆ ಕೂತು, ಹೋಳಿಗೆ ಮುರಿದು ಅವರ ಬಾಯಿಗಿಟ್ಟರು.