ಚೀಟಿ ಅಂಟಿಸಿದ ದಿನ

“ಗೇರ್ ಎಣ್ಣೆದೇನೂ ತಪ್ಪಿರಲ್ಲ ಬಿಡೋ, ನೀನೇ ಬದಲಾಯಿಸಿದ್ದಲ್ವಾ? ಎಲ್ಲಾ ಇವಳದ್ದೇ ಕೆಲಸ” ಎಂದಳು ಅಕ್ಕ. “ಎರಡೂ ಕಾಲಲ್ಲಿ ಬ್ರೇಕು, ಆಕ್ಸಿಲರೇಟರ್ ಒಟ್ಟಿಗೇ ಒತ್ತಿ ಒತ್ತಿ ಗೇರ್‌ಬಾಕ್ಸ್ ಹಾಳು ಮಾಡಿದಾಳೆ.”

ಅಕ್ಕನ ಮಗಳು ಗ್ಯಾರೇಜಿನ ಗೋಡೆಗೆ ಒರಗಿ ನಿಂತಿದ್ದಳು. ಅಮ್ಮನ ಕಾರಿನಲ್ಲೇ ಡ್ರೈವಿಂಗ್ ಕಲಿಯುತ್ತಿದ್ದ ಹುಡುಗಿ ಸ್ಟೀರಿಂಗ್ ಮುಟ್ಟದೆ ಎರಡು ತಿಂಗಳಾಗಿತ್ತು. ಏರಿನಲ್ಲಿ ಎಂಜಿನ್ ಬೊಬ್ಬೆ ಹೊಡೆದರೂ ಕಾರು ಮುಂದಕ್ಕೆ ಹೋಗದೆ ನಿಂತ ದಿನವೇ ಅಕ್ಕ ಕೀ ಕಿತ್ತುಕೊಂಡಿದ್ದಳು.

ಬೀದಿಯವರೆಲ್ಲ ‘ಗಾಡಿ ಡಾಕ್ಟರ್’ ಎಂದು ಕರೆಯುವ ಅವಳ ತಮ್ಮ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ ಇದ್ದ. ಅವನ ಕೈಯಲ್ಲಿದ್ದ ಎಣ್ಣೆ ಅಳೆಯುವ ಕಡ್ಡಿಯ ತುದಿಯಲ್ಲಿ ಕೆಂಪಗಿರಬೇಕಾದ ಎಣ್ಣೆ ಕರ್ರಗಾಗಿ ಸುಟ್ಟ ವಾಸನೆ ಬರುತ್ತಿತ್ತು.

ಡಾಕ್ಟರಿಗೊಂದು ಅಭ್ಯಾಸ. ಬೆಳಿಗ್ಗೆ ಗ್ಯಾರೇಜು ತೆಗೆದೊಡನೆ ‘ಎಣ್ಣೆ ಬದಲಾಯಿಸಿದೆ’ ಎಂಬ ಆ ದಿನದ ಚೀಟಿಗಳನ್ನೆಲ್ಲ ಬರೆದು, ಆಯಾ ಕಾರಿನ ಬಾಗಿಲಿಗೆ ಅಂಟಿಸಿಬಿಡುವುದು. ಕೆಲಸ ಆಮೇಲೆ. ಎರಡು ವರ್ಷದ ಹಿಂದೆ ಅಕ್ಕನ ಕಾರಿಗೂ ಹಾಗೇ ಅಂಟಿಸಿದ್ದ. ಅವತ್ತು ಅಂಗಡಿಯಿಂದ ಎಣ್ಣೆ ಬರಲೇ ಇಲ್ಲ, ಅಕ್ಕನಿಗೆ ಅವಸರ, ಕಾರು ಹಾಗೇ ಹೋಯಿತು. ಮುಂದಿನ ವಾರ ಕರೆಸಿದರಾಯಿತು ಎಂದುಕೊಂಡವನು ಮರೆತ. ನೆನಪಾದಾಗ ಹೇಳಲು ನಾಚಿಕೆ. ಮುಂದಿನ ಎಣ್ಣೆ ಯಾವಾಗ ಎಂದು ಅವಳು ಕೇಳಿದಾಗಲೆಲ್ಲ “ಇನ್ನೂ ಟೈಮಿದೆ ಅಕ್ಕಾ” ಎಂದು ದಿನ ದೂಡಿದ. ಈಗಲೂ ಯಾರಿಗೂ ಹೇಳದೆ ಹೊಸ ಎಣ್ಣೆ ಹಾಕಿಬಿಡಬಹುದಿತ್ತು. ತಪ್ಪು ಹುಡುಗಿಯ ತಲೆಯ ಮೇಲೇ ಉಳಿಯುತ್ತಿತ್ತು, ಅಷ್ಟೇ.

“ಹೇಳೋ ಇವಳಿಗೆ! ನೀನು ಹೇಳಿದ್ರೇನೇ ಬುದ್ಧಿ ಬರೋದು” ಎಂದಳು ಅಕ್ಕ.

ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ತಲೆ ಹೊರಗೆ ತೆಗೆದ.

“ಅಕ್ಕಾ, ನಾನು ಎಣ್ಣೆ ಬದಲಾಯಿಸೇ ಇಲ್ಲ. ಬರೀ ಚೀಟಿ ಅಂಟಿಸಿದ್ದು. ಇವಳದ್ದೇನೂ ತಪ್ಪಿಲ್ಲ.”

ಅಕ್ಕ ಬಾಗಿಲಿನ ಚೀಟಿಯನ್ನು ನೋಡಿದಳು, ಆಮೇಲೆ ಮಗಳನ್ನು.

“ಎರಡು ತಿಂಗಳಿಂದ ಬಾಯಿಗೆ ಬಂದ ಹಾಗೆ ಬೈತಾ ಇದೀನಿ ಕಣೋ” ಎಂದಳು ಮೆಲ್ಲಗೆ. “ಹೋದ ಭಾನುವಾರ ನಿನ್ನ ಮನೇಲಿ, ಎಲ್ಲರ ಮುಂದೆ ಬೈದೆ. ನೀನು ಕೇಳಿಸ್ಕೊಂಡು ಊಟ ಮಾಡ್ತಾ ಕೂತಿದ್ದೆ.”

ಅವನು ತಲೆ ತಗ್ಗಿಸಿದ. ಹೌದು, ಎರಡನೇ ಸಲ ಬಡಿಸಿಕೊಂಡೂ ಇದ್ದ.

ಇಷ್ಟು ಹಳತಾದ ಎಣ್ಣೆಯನ್ನು ಒಮ್ಮೆಲೇ ತೆಗೆದರೆ ಗೇರ್‌ಬಾಕ್ಸ್ ಪೂರ್ತಿ ಕೈಕೊಡಬಹುದೆಂದು ಅರ್ಧ ಮಾತ್ರ ಇಳಿಸಿ ಹೊಸದು ತುಂಬಿದ. ಉಳಿದದ್ದು ತಿಂಗಳು ಬಿಟ್ಟು. ಒಂದು ಸುತ್ತು ಹೋಗಿಬಂದ. ಕಾರು ಏರನ್ನು ಸಲೀಸಾಗಿ ಹತ್ತಿತು. ಅವನ ಎದೆ ಹಗುರಾಯಿತು. ಕೈ ತೊಳೆದು, ಕೀಯನ್ನು ಹುಡುಗಿಯ ಮುಂದೆ ಹಿಡಿದ.

“ಇವತ್ತು ಮನೆಗೆ ನೀನೇ ಓಡಿಸ್ಕೊಂಡು ಹೋಗಮ್ಮ.”

“ಬೇಡ ಮಾವ” ಎಂದಳು ಹುಡುಗಿ. ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. “ನಂಗೆ ಡ್ರೈವಿಂಗ್ ಬರಲ್ಲ.”

ಹಿಂದಿನ ಬಾಗಿಲು ತೆಗೆದು ಕೂತು, ಬೆಲ್ಟ್ ಹಾಕಿಕೊಂಡಳು. ಅಕ್ಕ ತಮ್ಮನ ಮುಖ ನೋಡದೆ ಅವನ ಕೈಯಿಂದ ಕೀ ತೆಗೆದುಕೊಂಡಳು.